ಬಟ್ಟಲು ಮುರಿದಾಗ: ಸೊಂಟದ ಕೀಲಿನ ಮುರಿತದಲ್ಲಿ ಚಿಕಿತ್ಸೆಯ ಆಯ್ಕೆ

ಮುರಿದ ಮೂಳೆ ಕಾಲಕ್ರಮದಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ ಎಂಬ ತಿಳಿವಳಿಕೆ ಜನರಲ್ಲಿ ಬಹುಕಾಲದಿಂದ ನೆಲೆನಿಂತಿದೆ, ಮತ್ತು ಆ ತಿಳಿವಳಿಕೆ ಸುಳ್ಳಲ್ಲ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನೊಳಗೆ ಎಳೆಯ ಅಂಗಾಂಶ ಬೆಳೆದು, ಅದು ಕ್ರಮೇಣ ಗಟ್ಟಿಯಾಗಿ ಹೊಸ ಮೂಳೆಯಾಗುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ವೈದ್ಯನ ಪಾಲಿಗೆ ಉಳಿಯುವುದು ತುಂಡುಗಳನ್ನು ಸರಿಯಾದ ನೆಲೆಯಲ್ಲಿ ಹಿಡಿದಿಡುವ ಕೆಲಸ. ಕೈಕಾಲುಗಳ ಉದ್ದ ಮೂಳೆಗಳ ನಡುಭಾಗ ಮುರಿದಾಗ ತುಂಡುಗಳು ಕೂದಲೆಳೆಯಷ್ಟು ಆಚೀಚೆಯಾಗಿ ಕೂಡಿಕೊಂಡರೂ ಆ ಕೈಕಾಲು ಬಹುಮಟ್ಟಿಗೆ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಆದರೆ ಮುರಿತದ ಗೆರೆ ಕೀಲಿನ ಒಳಮೈಯನ್ನು ಸೀಳಿಕೊಂಡು ಹೋದಾಗ ಲೆಕ್ಕವೇ ಬದಲಾಗುತ್ತದೆ, ಏಕೆಂದರೆ ಮೂಳೆ ಕೂಡುವುದು ಬೇರೆ, ಕೀಲು ಕೂಡುವುದು ಬೇರೆ. ಸೊಂಟದ ಕೀಲಿನ ಬಟ್ಟಲು ಒಡೆದು, ತುಂಡುಗಳು ಸರಿದ ಜಾಗದಲ್ಲಿಯೇ ಗಟ್ಟಿಯಾಗಿ ಕೂಡಿಕೊಂಡು, ಎಕ್ಸ್-ರೇಯಲ್ಲಿ ಮುರಿತ ವಾಸಿಯಾದಂತೆ ಕಂಡರೂ, ಒಂದೆರಡು ವರ್ಷಗಳಲ್ಲಿ ಆ ಕೀಲು ಸವೆದು ಮನುಷ್ಯನನ್ನು ಕುಂಟಿಸುವುದುಂಟು. ಈ ಮುರಿತಕ್ಕೆ ಶಸ್ತ್ರಚಿಕಿತ್ಸೆ ಬೇಕೇ, ಶಸ್ತ್ರವಿಲ್ಲದ ಚಿಕಿತ್ಸೆ ಸಾಕೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಉಪನ್ಯಾಸವು ಈ ವ್ಯತ್ಯಾಸದ ಬೆಳಕಿನಲ್ಲಿ ಪರಿಶೀಲಿಸುತ್ತದೆ.

ಬಟ್ಟಲಿನ ರಚನೆ

ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡು, ಸೊಂಟದ ಮೂಳೆಯ ಹೊರಮೈಯಲ್ಲಿರುವ ಆಳವಾದ ಗುಳಿಯೊಳಗೆ ಕುಳಿತು ಎಲ್ಲ ದಿಕ್ಕಿಗೂ ಹೊರಳುವುದರಿಂದ ಸೊಂಟದ ಕೀಲು ಉಂಟಾಗುತ್ತದೆ. ಆ ಗುಳಿಗೆ ವೈದ್ಯಶಾಸ್ತ್ರದಲ್ಲಿ ಅಸೆಟಾಬ್ಯುಲಮ್ ಎಂದು ಹೆಸರು. ರೋಮನ್ನರು ಊಟದ ಹೊತ್ತಿನಲ್ಲಿ ವಿನಿಗರ್ ಇಡುತ್ತಿದ್ದ ಪುಟ್ಟ ಬಟ್ಟಲಿನ ಲ್ಯಾಟಿನ್ ಹೆಸರೇ ಇದಕ್ಕೆ ಬಂದಿರುವುದರಿಂದ ಕನ್ನಡದಲ್ಲಿ ಇದನ್ನು ಕೀಲುಬಟ್ಟಲು ಎಂದು ಕರೆಯುವುದು ಸಹಜವಾಗಿಯೇ ಇದೆ. ಇಲಿಯಮ್, ಇಶಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆಗಳು ಬಾಲ್ಯದಲ್ಲಿ ಈ ಬಟ್ಟಲಿನ ತಳದಲ್ಲಿ ಮೃದ್ವಸ್ಥಿಯ, ಅಂದರೆ ಎಳೆಮೂಳೆಯ, ಮೂರು ಕವಲಿನ ಬೆಸುಗೆಯಿಂದ ಸೇರಿಕೊಂಡಿದ್ದು, ಹದಿಹರೆಯದಲ್ಲಿ ಆ ಬೆಸುಗೆ ಗಟ್ಟಿಯಾಗಿ ಮೂರೂ ಒಂದೇ ಮೂಳೆಯಾಗುತ್ತವೆ.

ಬಟ್ಟಲು ನೋಟಕ್ಕೆ ಒಂದು ಗುಳಿಯಾದರೂ ಅದನ್ನು ಹೊತ್ತು ನಿಲ್ಲಿಸಿರುವುದು ಎರಡು ಕಂಬಗಳು. ಸೊಂಟದ ಮೇಲಂಚಿನಿಂದ ಮುಂದಕ್ಕೆ ಇಳಿದು ಪ್ಯೂಬಿಸ್ ಮೂಳೆಗೆ ಸೇರುವುದು ಮುಂಗಂಬ. ಹಿಂದಿನಿಂದ ಇಳಿದು, ಕುಳಿತಾಗ ನೆಲಕ್ಕೆ ತಾಗುವ ಇಶಿಯಮ್ ಮೂಳೆಗೆ ಸೇರುವುದು ಹಿಂಗಂಬ. ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂತೆ ಕೂಡಿರುವ ಈ ಎರಡು ಕಂಬಗಳ ನಡುವಿನ ಕಮಾನಿನೊಳಗೆ ಬಟ್ಟಲು ಕೂತಿದೆ. ಬಟ್ಟಲಿನ ಮುಂದಂಚಿಗೂ ಹಿಂದಂಚಿಗೂ ಒಂದೊಂದು ಗೋಡೆಯಿದೆ. ಗುಂಡಿನ ನೆತ್ತಿಯ ಮೇಲೆ ಬರುವ ಬಟ್ಟಲಿನ ಭಾಗಕ್ಕೆ ಚಾವಣಿ ಎಂದು ಹೆಸರು. ನಿಂತಾಗ, ನಡೆಯುವಾಗ ದೇಹದ ಭಾರವೆಲ್ಲ ಗುಂಡಿಗೆ ಇಳಿಯುವುದು ಈ ಚಾವಣಿಯ ಮೂಲಕ. ಸಾಧಾರಣ ನಡಿಗೆಯಲ್ಲಿ, ಒಂದೇ ಕಾಲಿನ ಮೇಲೆ ಭಾರ ಬೀಳುವ ಗಳಿಗೆಯಲ್ಲಿ, ಸ್ನಾಯುಗಳ ಎಳೆತವೂ ಸೇರಿ ಈ ಕೀಲು ದೇಹತೂಕದ ಸುಮಾರು ಎರಡೂವರೆ ಪಟ್ಟು ಒತ್ತಡವನ್ನು ಹೊರುತ್ತದೆ. ಗುಂಡು ಮತ್ತು ಚಾವಣಿ ಒಂದಕ್ಕೊಂದು ಪೂರ್ತಿಯಾಗಿ ಹೊಂದಿಕೊಂಡಿರುವವರೆಗೆ ಈ ಒತ್ತಡ ಅಗಲವಾದ ಮೈಮೇಲೆ ಹಂಚಿಹೋಗುತ್ತದೆ; ಚಾವಣಿಯಲ್ಲಿ ಎರಡು ಮಿಲಿಮೀಟರಿನ ಮೆಟ್ಟಿಲು ಉಳಿದರೂ ಅದೇ ಒತ್ತಡ ಸಣ್ಣದೊಂದು ಅಂಚಿನ ಮೇಲೆ ಬಿದ್ದು ಮೃದ್ವಸ್ಥಿಯನ್ನು ಅರೆಯುತ್ತದೆ. ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ.

ಮುರಿಯುವ ಬಗೆ

ಕೀಲುಬಟ್ಟಲು ಸುಲಭವಾಗಿ ಮುರಿಯುವ ಜಾಗವಲ್ಲ. ಹೊರಗಿನ ಪೆಟ್ಟು ಅದಕ್ಕೆ ನೇರವಾಗಿ ತಗುಲುವುದು ಕಡಿಮೆ. ಸಾಮಾನ್ಯವಾಗಿ ತೊಡೆಮೂಳೆಯ ಗುಂಡೇ ಸುತ್ತಿಗೆಯಂತೆ ಒಳನುಗ್ಗಿ ಬಟ್ಟಲನ್ನು ಒಡೆಯುತ್ತದೆ. ಕಾರು ಎದುರಿನ ವಾಹನಕ್ಕೆ ಅಪ್ಪಳಿಸಿದಾಗ ಮುಂದಿನ ಸೀಟಿನಲ್ಲಿದ್ದವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು, ಆ ಪೆಟ್ಟು ತೊಡೆಮೂಳೆಯ ಉದ್ದಕ್ಕೂ ಹಾದು, ಗುಂಡು ಹಿಂದಕ್ಕೆ ತಳ್ಳಿಕೊಂಡು ಹಿಂದಿನ ಗೋಡೆಯನ್ನು ಒಡೆದು ಗುಳಿಯಿಂದಲೇ ಜಾರಿಬಿಡುತ್ತದೆ. ಬೈಕಿನಿಂದ ಪಕ್ಕಕ್ಕೆ ಎಸೆಯಲ್ಪಟ್ಟವರಲ್ಲಿ, ಕಟ್ಟಡದ ಸಾರುವೆಯಿಂದಲೋ ಅಡಿಕೆ, ತೆಂಗಿನ ಮರದಿಂದಲೋ ಸೊಂಟದ ಮಗ್ಗುಲಾಗಿ ಬಿದ್ದವರಲ್ಲಿ ಪೆಟ್ಟು ಪಕ್ಕದಿಂದ ಬರುವುದರಿಂದ ಗುಂಡು ಒಳಮುಖವಾಗಿ ನುಗ್ಗಿ ಕಂಬಗಳನ್ನೇ ಸೀಳುವುದುಂಟು. ಪೆಟ್ಟು ಬಿದ್ದ ಗಳಿಗೆಯಲ್ಲಿ ಕಾಲು ಯಾವ ಕೋನದಲ್ಲಿ ಮಡಿಚಿತ್ತು, ಒಳಕ್ಕೆ ತಿರುಗಿತ್ತೋ ಹೊರಕ್ಕೆ ತಿರುಗಿತ್ತೋ ಎಂಬುದರ ಮೇಲೆ ಯಾವ ಗೋಡೆ, ಯಾವ ಕಂಬ ಮುರಿಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಇಷ್ಟು ಬಿರುಸಿನ ಪೆಟ್ಟಿಗೆ ತಲೆ, ಎದೆ, ಹೊಟ್ಟೆಗಳಿಗೂ ಗಾಯವಾಗಿರುವ ಸಂಭವ ಹೆಚ್ಚಾದ್ದರಿಂದ ಮೊದಲ ಗಮನ ಉಸಿರಾಟಕ್ಕೂ ರಕ್ತಸ್ರಾವಕ್ಕೂ ಸಲ್ಲಬೇಕು. ಕೀಲುಬಟ್ಟಲಿನ ವಿಚಾರ ಜೀವ ಉಳಿದಮೇಲೆ ಬರತಕ್ಕದ್ದು.

ಅದಕ್ಕೆ ಒಂದು ಅಪವಾದವಿದೆ. ಗುಂಡು ಗುಳಿಯಿಂದ ಜಾರಿದ್ದರೆ ಅದನ್ನು ಅರಿವಳಿಕೆ ಕೊಟ್ಟು ಕೆಲವೇ ಗಂಟೆಗಳಲ್ಲಿ ಗುಳಿಗೆ ಮರಳಿಸಬೇಕು, ಏಕೆಂದರೆ ಜಾರಿದ ಗುಂಡಿನ ರಕ್ತಪೂರೈಕೆಗೆ ಅಡ್ಡಿಯಾಗಿರುತ್ತದೆ ಮತ್ತು ಆ ಅಡ್ಡಿ ಮುಂದುವರಿದಷ್ಟೂ ಗುಂಡಿನ ಮೂಳೆ ಸಾಯುವ ಸಂಭವ ಹೆಚ್ಚುತ್ತದೆ. ಮುಂದೆ ಶಸ್ತ್ರಚಿಕಿತ್ಸೆಯಾಗಲಿ, ಆಗದಿರಲಿ, ಈ ಕೆಲಸ ಕಾಯುವಂಥದ್ದಲ್ಲ. ಗುಂಡನ್ನು ಕೂರಿಸುವ ಮೊದಲು ಮತ್ತು ಅನಂತರ ಕಾಲಿನ ಹೆಬ್ಬೆರಳನ್ನೂ ಪಾದವನ್ನೂ ಮೇಲಕ್ಕೆತ್ತಲು ಗಾಯಾಳುವಿಗೆ ಹೇಳಿ ನೋಡುವುದು ಸಣ್ಣ ಪರೀಕ್ಷೆಯಾದರೂ ಬಲು ಮುಖ್ಯವಾದದ್ದು. ಹಿಂಗಂಬದ ಬೆನ್ನಿಗೇ ಹಾದುಹೋಗುವ ಸಯಾಟಿಕ್ ನರಕ್ಕೆ ಪೆಟ್ಟಾಗಿದ್ದರೆ ಪಾದ ಜೋತುಬಿದ್ದಿರುತ್ತದೆ, ಮತ್ತು ಆ ಪೆಟ್ಟು ಅಪಘಾತದಿಂದ ಬಂದದ್ದೋ ಅನಂತರದ್ದೋ ಎಂಬುದನ್ನು ತಿಳಿಯಲು ಈ ಪರೀಕ್ಷೆಯ ದಾಖಲೆಯೊಂದೇ ಆಧಾರ.

ಫ್ರಾನ್ಸಿನಿಂದ ಬಂದ ತಿಳಿವಳಿಕೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಮುರಿತಕ್ಕೆ ಹಾಸಿಗೆಯೇ ಔಷಧವಾಗಿತ್ತು. ಮೊಣಕಾಲಿನ ಹತ್ತಿರ ಮೂಳೆಗೆ ಪಿನ್ನು ತೂರಿಸಿ, ಹಗ್ಗ ಕಟ್ಟಿ, ಮಂಚದ ಕೊನೆಯಲ್ಲಿ ರಾಟೆಯ ಮೇಲಿಂದ ತೂಕ ಇಳಿಬಿಟ್ಟು, ರೋಗಿಯನ್ನು ವಾರಗಟ್ಟಲೆ ಅಂಗಾತ ಮಲಗಿಸುವ ಟ್ರಾಕ್ಷನ್ ವಿಧಾನವೇ ವಾಡಿಕೆಯಲ್ಲಿತ್ತು. ಅಮೆರಿಕದ ರೋ ಮತ್ತು ಲೊವೆಲ್ ಎಂಬ ವೈದ್ಯರು 1961ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರ ಹೊರುವ ಚಾವಣಿ ಸುಸ್ಥಿತಿಯಲ್ಲಿದ್ದು ಗುಂಡು ಅದರ ಕೆಳಗೆ ಸರಿಯಾಗಿ ನಿಂತಿದ್ದರೆ ಶಸ್ತ್ರವಿಲ್ಲದೆಯೂ ಒಳ್ಳೆಯ ಫಲ ದೊರೆಯುತ್ತದೆ, ಅವು ಕೆಟ್ಟಿದ್ದರೆ ದೊರೆಯುವುದಿಲ್ಲ ಎಂಬುದನ್ನು ತೋರಿಸಿತು. ಕೆಟ್ಟದ್ದನ್ನು ಸರಿಪಡಿಸುವ ಬಗೆ ಹೇಗೆಂಬ ಪ್ರಶ್ನೆಗೆ ಉತ್ತರ ಫ್ರಾನ್ಸಿನಿಂದ ಬಂದಿತು. ಪ್ಯಾರಿಸ್ ಬಳಿಯ ಗಾರ್ಶ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಬೆರ್ ಜುಡೆ ಮತ್ತು ಅವರ ಶಿಷ್ಯ ಎಮಿಲ್ ಲೆಟೂರ್ನೆಲ್, ಜುಡೆಯವರ ಸೋದರ ಝಾನ್ ಜುಡೆಯವರೊಂದಿಗೆ ಸೇರಿ 1964ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಬುನಾದಿಯಾಯಿತು. ಎರಡು ಕಂಬಗಳ ಕಲ್ಪನೆ, ಮುರಿತಗಳನ್ನು ಐದು ಸರಳ ಬಗೆ ಮತ್ತು ಐದು ಸಂಯುಕ್ತ ಬಗೆಗಳಾಗಿ ವಿಂಗಡಿಸುವ ಕ್ರಮ, ಪ್ರತಿಯೊಂದು ಬಗೆಗೂ ದೇಹದ ಯಾವ ಕಡೆಯಿಂದ ಪ್ರವೇಶಿಸಬೇಕೆಂಬ ವಿವೇಚನೆ ಇವೆಲ್ಲ ಅಲ್ಲಿಂದಲೇ ಬಂದವು. 1994ರಲ್ಲಿ ತೀರಿಕೊಂಡ ಲೆಟೂರ್ನೆಲ್ ತಮ್ಮ ವೃತ್ತಿಜೀವನವನ್ನು ಬಹುಪಾಲು ಈ ಒಂದು ಬಟ್ಟಲಿಗೆ ಮುಡಿಪಾಗಿಟ್ಟವರು. ಅವರ ವಿಂಗಡಣೆಯನ್ನು ಇಂದಿಗೂ ಜಗತ್ತಿನಾದ್ಯಂತ ಮೂಳೆ ವೈದ್ಯರು ಬಳಸುತ್ತಾರೆ.

ಅವರು ಕಲಿಸಿದ್ದು ಮುಖ್ಯವಾಗಿ ಎಕ್ಸ್-ರೇ ಓದುವ ಬಗೆಯನ್ನು. ನೇರವಾಗಿ ತೆಗೆದ ಒಂದು ಚಿತ್ರ, ರೋಗಿಯನ್ನು 45 ಡಿಗ್ರಿ ಆ ಪಕ್ಕಕ್ಕೂ ಈ ಪಕ್ಕಕ್ಕೂ ಹೊರಳಿಸಿ ತೆಗೆದ ಎರಡು ಚಿತ್ರ, ಹೀಗೆ ಮೂರು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ನೇರ ಚಿತ್ರದಲ್ಲಿ ಕಾಣುವ ಆರು ಗೆರೆಗಳನ್ನು ಒಂದೊಂದಾಗಿ ಅನುಸರಿಸಬೇಕು. ಸೊಂಟದ ಒಳಬಳೆಯ ಅಂಚಿನಲ್ಲಿ ಬಾಗಿ ಮುಂದಕ್ಕೆ ಬರುವ ಗೆರೆ ತುಂಡಾಗಿದ್ದರೆ ಮುಂಗಂಬ ಮುರಿದಿದೆ. ಇಶಿಯಮ್ ಮೂಳೆಯ ಕಡೆಗೆ ನೇರವಾಗಿ ಇಳಿಯುವ ಗೆರೆ ತುಂಡಾಗಿದ್ದರೆ ಹಿಂಗಂಬ ಮುರಿದಿದೆ. ಹುಬ್ಬಿನಂತೆ ಬಾಗಿದ ಚಾವಣಿಯ ಗೆರೆ, ಕಣ್ಣೀರ ಹನಿಯ ಆಕಾರದ ಗುರುತು, ಮುಂದಿನ ಮತ್ತು ಹಿಂದಿನ ಗೋಡೆಗಳ ಅಂಚುಗಳು ಉಳಿದ ನಾಲ್ಕು. ಹೊರಳಿಸಿ ತೆಗೆದ ಒಂದು ಚಿತ್ರದಲ್ಲಿ ಮುಂಗಂಬವೂ ಹಿಂದಿನ ಗೋಡೆಯೂ, ಇನ್ನೊಂದರಲ್ಲಿ ಹಿಂಗಂಬವೂ ಮುಂದಿನ ಗೋಡೆಯೂ ಸ್ಪಷ್ಟವಾಗುತ್ತವೆ. ಇಂದು ಸಿ.ಟಿ. ಸ್ಕ್ಯಾನ್ ಬಟ್ಟಲನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ತೋರಿಸುತ್ತದೆ, ಕೀಲಿನೊಳಗೆ ಸಿಕ್ಕಿಕೊಂಡ ಜೋಳದ ಕಾಳಿನಷ್ಟು ಚೂರನ್ನೂ ಬಿಡದೆ ಹಿಡಿಯುತ್ತದೆ. ಆದರೂ ಆರು ಗೆರೆಗಳನ್ನು ಓದಬಲ್ಲ ಕಣ್ಣಿಗೆ ಆ ಚಿತ್ರದ ಅರ್ಥ ಬೇಗ ಹೊಳೆಯುತ್ತದೆ.

ಆಯ್ಕೆಯ ಮೂರು ಪ್ರಶ್ನೆಗಳು

ಚಿಕಿತ್ಸೆಯ ಆಯ್ಕೆ ಮೂರು ಪ್ರಶ್ನೆಗಳ ಮೇಲೆ ನಿಂತಿದೆ: ಚಾವಣಿ ಉಳಿದಿದೆಯೇ, ಗುಂಡು ಅದರ ಕೆಳಗೆ ಸರಿಯಾಗಿ ಹೊಂದಿಕೊಂಡಿದೆಯೇ, ಕಾಲು ಮಡಿಚಿದಾಗಲೂ ಅದು ಅಲ್ಲಿಯೇ ನಿಲ್ಲುತ್ತದೆಯೇ.

ಮೊದಲ ಪ್ರಶ್ನೆಗೆ ಅಮೆರಿಕದ ಜೋಯಲ್ ಮ್ಯಾಟಾ ಒಂದು ಅಳತೆಯನ್ನು ಕೊಟ್ಟರು. ಎಕ್ಸ್-ರೇಯಲ್ಲಿ ಗುಂಡಿನ ನಡುಬಿಂದುವಿನಿಂದ ನೇರ ಮೇಲಕ್ಕೆ ಒಂದು ಗೆರೆ, ಅದೇ ಬಿಂದುವಿನಿಂದ ಮುರಿತ ಕೀಲನ್ನು ಸೇರುವ ಜಾಗಕ್ಕೆ ಇನ್ನೊಂದು ಗೆರೆ ಎಳೆದು, ಎರಡರ ನಡುವಿನ ಕೋನವನ್ನು ಅಳೆಯಬೇಕು. ಮೂರೂ ಚಿತ್ರಗಳಲ್ಲಿ ಈ ಕೋನ 45 ಡಿಗ್ರಿಗಿಂತ ಹೆಚ್ಚಾಗಿದ್ದರೆ ಮುರಿತವು ಭಾರ ಹೊರುವ ಚಾವಣಿಯಿಂದ ಕೆಳಗಿದೆ ಎಂದರ್ಥ. ಸಿ.ಟಿ. ಸ್ಕ್ಯಾನಿನಲ್ಲಿ ಬಟ್ಟಲಿನ ಮೇಲಿನ 10 ಮಿಲಿಮೀಟರ್ ಭಾಗ ಅಖಂಡವಾಗಿದೆಯೇ ಎಂದು ನೋಡುವುದು ಇದಕ್ಕೆ ಸಮಾನವಾದ ಪರೀಕ್ಷೆ. ಹಿಂದಿನ ಗೋಡೆಯ ಮುರಿತಕ್ಕೆ ಈ ಕೋನ ಅನ್ವಯಿಸುವುದಿಲ್ಲ. ಅಲ್ಲಿ ಮೂರನೆಯ ಪ್ರಶ್ನೆಯೇ ಮುಖ್ಯ. ಗೋಡೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ ಮುರಿದಿದ್ದರೆ ಕೀಲು ಸಾಮಾನ್ಯವಾಗಿ ಭದ್ರವಾಗಿರುತ್ತದೆ, ಅರ್ಧಕ್ಕಿಂತ ಹೆಚ್ಚು ಮುರಿದಿದ್ದರೆ ನಿಲ್ಲುವುದಿಲ್ಲ. ಇವೆರಡರ ನಡುವಿನ ಮುರಿತಗಳಲ್ಲಿ ಅಳತೆಯನ್ನಷ್ಟೇ ನೆಚ್ಚದೆ, ರೋಗಿಗೆ ಅರಿವಳಿಕೆ ಕೊಟ್ಟು, ಸೊಂಟವನ್ನು ಮಡಿಸಿ ಹಿಂದಕ್ಕೆ ಒತ್ತಿ, ಗುಂಡು ಸರಿಯುತ್ತದೆಯೇ ಎಂದು ಎಕ್ಸ್-ರೇ ಪರದೆಯ ಮೇಲೆ ಕಣ್ಣಾರೆ ಕಂಡು ತೀರ್ಮಾನಿಸುವುದು ವಿವೇಕದ ದಾರಿ.

ಶಸ್ತ್ರವಿಲ್ಲದ ಚಿಕಿತ್ಸೆ

ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ತುಂಡುಗಳು ಸರಿಯದ ಮುರಿತಗಳು, ಬಟ್ಟಲಿನ ಕೆಳಭಾಗದಲ್ಲಿ ಮಾತ್ರ ಹಾದುಹೋದ ಮುರಿತಗಳು, ಭದ್ರತೆ ಕೆಡಿಸದ ಗೋಡೆಯಂಚಿನ ಸಣ್ಣ ಮುರಿತಗಳು ಈ ಗುಂಪಿಗೆ ಸೇರುತ್ತವೆ. ಇವುಗಳೊಂದಿಗೆ ಇನ್ನೊಂದು ವಿಶೇಷ ಸಂದರ್ಭವಿದೆ. ಎರಡು ಕಂಬಗಳೂ ಮೇಲಿನ ಮೂಳೆಯಿಂದ ಪೂರ್ತಿಯಾಗಿ ಬೇರ್ಪಟ್ಟಾಗ ತುಂಡುಗಳು ಗುಂಡಿನ ಸುತ್ತ ಹೂವಿನ ದಳಗಳಂತೆ ಒಟ್ಟಾಗಿಯೇ ಸರಿದು, ತಾವೇ ಹೊಸದೊಂದು ಬಟ್ಟಲಿನ ಆಕಾರ ಕಟ್ಟಿಕೊಳ್ಳುವುದುಂಟು. ಲೆಟೂರ್ನೆಲ್ ಇದನ್ನು ಎರಡನೆಯ ಹೊಂದಾಣಿಕೆ ಎಂಬ ಅರ್ಥದ ಮಾತಿನಿಂದ ಗುರುತಿಸಿದರು. ಮುಖ್ಯವಾಗಿ ವಯಸ್ಸಾದವರಲ್ಲಿ ಇಂಥ ಕೀಲು ಶಸ್ತ್ರವಿಲ್ಲದೆಯೂ ತಕ್ಕಮಟ್ಟಿಗೆ ಸಾಗಬಲ್ಲದು.

ಶಸ್ತ್ರ ಮಾಡದಿರುವುದೆಂದರೆ ಏನೂ ಮಾಡದಿರುವುದು ಎಂದು ತಿಳಿದರೆ ದೊಡ್ಡ ತಪ್ಪಾಗುತ್ತದೆ. ಹಿಂದಿನಂತೆ ಆರೆಂಟು ವಾರ ತೂಕ ಕಟ್ಟಿ ಮಲಗಿಸುವ ಪದ್ಧತಿ ಈಗ ಹಿಂದೆ ಸರಿದಿದೆ, ಏಕೆಂದರೆ ದೀರ್ಘಕಾಲದ ಮಲಗುವಿಕೆಯಿಂದ ಹಾಸಿಗೆ ಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹರಿದು ಜೀವಕ್ಕೇ ಎರವಾಗುವ ಅಪಾಯ ಇವೆಲ್ಲ ಬೆನ್ನುಹತ್ತುತ್ತವೆ. ನೋವು ತಗ್ಗಿದ ಕೂಡಲೇ ರೋಗಿಯನ್ನು ಎಬ್ಬಿಸಿ ಕೂರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡಬೇಕು. ವಾಕರ್ ಅಥವಾ ಊರುಗೋಲಿನ ಆಸರೆಯಲ್ಲಿ, ಗಾಯಗೊಂಡ ಕಾಲಿನ ಬೆರಳು ನೆಲಕ್ಕೆ ಸೋಕುವಷ್ಟೇ ಭಾರ ಬಿಟ್ಟು ನಡೆಸಬೇಕು. ಮೊದಲ ಕೆಲವು ವಾರ ಪದೇ ಪದೇ ಎಕ್ಸ್-ರೇ ತೆಗೆದು ಗುಂಡು ಕದಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕದಲಿದ್ದರೆ ಆಯ್ಕೆಯನ್ನು ಆಗಲೇ ಬದಲಿಸಬೇಕು. ಪೂರ್ತಿ ಭಾರ ಹೊರಿಸುವುದು ಸುಮಾರು ಎರಡು ಮೂರು ತಿಂಗಳ ನಂತರವೇ.

ಶಸ್ತ್ರಚಿಕಿತ್ಸೆ ಮತ್ತು ಅದರ ಬೆಲೆ

ಚಾವಣಿಯ ತುಂಡುಗಳು ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ಗುಂಡು ಚಾವಣಿಯ ಕೆಳಗಿನಿಂದ ಪಕ್ಕಕ್ಕೆ ಸರಿದಿದ್ದರೆ, ಗೋಡೆ ಒಡೆದು ಕೀಲು ಭದ್ರತೆ ಕಳೆದುಕೊಂಡಿದ್ದರೆ, ಅಥವಾ ಮೂಳೆಯ ಚೂರೊಂದು ಗುಂಡಿಗೂ ಬಟ್ಟಲಿಗೂ ನಡುವೆ ಸಿಕ್ಕಿಕೊಂಡಿದ್ದರೆ, ಸಶಕ್ತ ವ್ಯಕ್ತಿಗೆ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ. ಗುಂಡು ಮತ್ತೆ ಮತ್ತೆ ಜಾರುತ್ತಿಲ್ಲವಾದರೆ ರಕ್ತಸ್ರಾವ ನಿಂತು ದೇಹ ಸುಧಾರಿಸಿಕೊಳ್ಳಲು ಕೆಲವು ದಿನ ಬಿಟ್ಟು, ಎರಡು ವಾರಗಳೊಳಗೆ ಇದನ್ನು ಮಾಡುವುದು ಲೇಸು. ಮೂರು ವಾರ ದಾಟಿದರೆ ಮುರಿದ ಅಂಚುಗಳ ನಡುವೆ ಹೊಸ ಮೂಳೆ ತುಂಬಿಕೊಂಡು, ತುಂಡುಗಳನ್ನು ಬಿಡಿಸುವುದೂ ಜೋಡಿಸುವುದೂ ಕಷ್ಟವಾಗುತ್ತದೆ.

ಹಿಂದಿನ ಗೋಡೆಯ ಶಸ್ತ್ರಚಿಕಿತ್ಸೆಯನ್ನು ಹತ್ತಿರದಿಂದ ಕಂಡರೆ ಈ ಕೆಲಸದ ಸೂಕ್ಷ್ಮ ಅರಿವಾಗುತ್ತದೆ. ಪೃಷ್ಠದ ಸ್ನಾಯುಗಳನ್ನು ಬಿಡಿಸಿ ಒಳಹೊಕ್ಕು, ಬೆರಳಿನಷ್ಟು ದಪ್ಪವಿರುವ ಸಯಾಟಿಕ್ ನರವನ್ನು ಗುರುತಿಸಿ, ಅದು ಸಡಿಲವಾಗಿರುವಂತೆ ಮೊಣಕಾಲನ್ನು ಮಡಿಸಿಯೇ ಇಟ್ಟುಕೊಂಡು, ಒಡೆದ ಗೋಡೆಯನ್ನು ಅದರ ಮೇಲಂಟಿದ ಪೊರೆಯ ಸಮೇತ ಬಾಗಿಲಿನಂತೆ ತೆರೆಯಲಾಗುತ್ತದೆ. ಒಳಗೆ ಗುಂಡಿನ ಒತ್ತಡಕ್ಕೆ ಮೃದ್ವಸ್ಥಿಯ ಅಂಚು ತನ್ನ ಕೆಳಗಿನ ಮೂಳೆಯೊಳಕ್ಕೆ ಕುಸಿದಿದ್ದರೆ, ಅದನ್ನು ಉಳಿಯಿಂದ ನಿಧಾನವಾಗಿ ಮೇಲೆತ್ತಿ, ಗುಂಡನ್ನೇ ಅಚ್ಚಾಗಿ ಬಳಸಿ ಅದರ ಮೈಗೆ ಹೊಂದಿಸಿ, ಕೆಳಗೆ ಉಳಿದ ಪೊಳ್ಳಿಗೆ ಅದೇ ವ್ಯಕ್ತಿಯ ಮೂಳೆಯ ಪುಡಿಯನ್ನು ತುಂಬಲಾಗುತ್ತದೆ. ಆಮೇಲೆ ಗೋಡೆಯನ್ನು ಮುಚ್ಚಿ, ಬಟ್ಟಲಿನ ಬಾಗಿಗೆ ತಕ್ಕಂತೆ ಬಗ್ಗಿಸಿದ ಲೋಹದ ಪ್ಲೇಟನ್ನು ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಒಂದು ಸ್ಕ್ರೂ ಎರಡು ಮಿಲಿಮೀಟರ್ ಉದ್ದವಾಗಿ ಕೀಲಿನೊಳಕ್ಕೆ ಇಣುಕಿದರೂ ಅಷ್ಟು ಹೊತ್ತಿನ ಶ್ರಮ ವ್ಯರ್ಥ.

ಈ ಶ್ರಮದ ಫಲವನ್ನು ಮ್ಯಾಟಾ ಅವರ 1996ರ ವರದಿ ಅಂಕಿಗಳಲ್ಲಿ ಹೇಳುತ್ತದೆ. ಗಾಯವಾದ ಮೂರು ವಾರಗಳೊಳಗೆ ಶಸ್ತ್ರಚಿಕಿತ್ಸೆಯಾದ 262 ಮುರಿತಗಳಲ್ಲಿ, ಉಳಿದ ಅಂತರ ಒಂದು ಮಿಲಿಮೀಟರನ್ನು ಮೀರದಂತೆ ತುಂಡುಗಳನ್ನು ಕೂಡಿಸಲು ಸಾಧ್ಯವಾದದ್ದು ಶೇ. 71ರಲ್ಲಿ, ಒಳ್ಳೆಯ ಅಥವಾ ಅತ್ಯುತ್ತಮ ಫಲ ದೊರೆತದ್ದು ಒಟ್ಟಾರೆ ಶೇ. 76ರಲ್ಲಿ. ಜೋಡಣೆ ನಿಖರವಾದಷ್ಟೂ ಫಲ ಉತ್ತಮವಾಗಿತ್ತು. ಅಪಾರ ಅನುಭವವಿದ್ದ ಕೈಗಳಲ್ಲಿಯೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಾರೈಸಿದ ಫಲ ಸಿಗಲಿಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ. ಸೋಂಕು, ನರಕ್ಕೆ ಪೆಟ್ಟು, ಹೆಚ್ಚಿನ ರಕ್ತಸ್ರಾವ, ಸ್ನಾಯುಗಳ ನಡುವೆ ಬೇಡದ ಮೂಳೆ ಬೆಳೆದು ಕೀಲು ಬಿಗಿಯುವುದು, ಗುಂಡಿನ ಮೂಳೆ ಸಾಯುವುದು ಇವು ಶಸ್ತ್ರಚಿಕಿತ್ಸೆಯ ಹಾದಿಯಲ್ಲಿ ಎದುರಾಗಬಹುದಾದ ತೊಡಕುಗಳು. ಆದ್ದರಿಂದ ಈ ಶಸ್ತ್ರಚಿಕಿತ್ಸೆಯನ್ನು ಇದರಲ್ಲಿ ಪಳಗಿದವರು ಇರುವ ಕೇಂದ್ರದಲ್ಲಿಯೇ ಮಾಡಿಸಬೇಕು. ತುಂಡುಗಳನ್ನು ನಿಖರವಾಗಿ ಕೂಡಿಸದ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಶಸ್ತ್ರದ ಅಪಾಯವನ್ನೂ ಕೀಲಿನ ಸವೆತವನ್ನೂ ಎರಡನ್ನೂ ಹೊರಬೇಕಾಗುತ್ತದೆ.

ಮುಪ್ಪಿನ ಮೂಳೆ

ಅರವತ್ತು, ಎಪ್ಪತ್ತು ದಾಟಿದವರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರೂ ಸಾಕು, ಟೊಳ್ಳಾದ ಮೂಳೆಯ ಬಟ್ಟಲು ಕುಸಿಯುತ್ತದೆ. ಇಂಥ ಮೂಳೆಯಲ್ಲಿ ಸ್ಕ್ರೂಗಳಿಗೆ ಹಿಡಿತ ಸಿಗುವುದಿಲ್ಲ. ಚಾವಣಿಯ ಒಳಭಾಗ ಜಜ್ಜಿಹೋಗಿದ್ದರೆ ಎಷ್ಟು ನಾಜೂಕಾಗಿ ಜೋಡಿಸಿದರೂ ಕೀಲು ಉಳಿಯುವುದು ಸಂದೇಹ. ಆದ್ದರಿಂದ ಇಲ್ಲಿ ಆಯ್ಕೆಗಳು ಮೂರಾಗುತ್ತವೆ: ಶಸ್ತ್ರವಿಲ್ಲದೆ ಬೇಗ ಎಬ್ಬಿಸಿ ಓಡಾಡಿಸುವುದು, ಮುರಿತವನ್ನು ಪ್ಲೇಟಿನಿಂದ ಬಿಗಿಯುವುದು, ಅಥವಾ ಬಿಗಿದು ಅದೇ ಸಲ ಕೃತಕ ಕೀಲನ್ನು ಕೂರಿಸುವುದು. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ಆಧುನಿಕ ಕೃತಕ ಕೀಲನ್ನು ರೂಢಿಗೆ ತಂದ ಮೇಲೆ, ಕೆಟ್ಟ ಕೀಲಿಗೆ ಮುಂದೊಂದು ದಿನ ಪರಿಹಾರ ಉಂಟೆಂಬ ಭರವಸೆ ವೈದ್ಯರಿಗೂ ರೋಗಿಗಳಿಗೂ ಸಿಕ್ಕಿದೆ. ಹೃದಯ, ಮೂತ್ರಪಿಂಡಗಳ ಸ್ಥಿತಿ, ಬೀಳುವ ಮುನ್ನ ಆ ವ್ಯಕ್ತಿ ಎಷ್ಟು ಓಡಾಡುತ್ತಿದ್ದರು ಎಂಬ ವಿವರ, ಮನೆಯಲ್ಲಿ ಆರೈಕೆ ಮಾಡುವವರ ಬಲ ಇವು ಎಕ್ಸ್-ರೇಯಷ್ಟೇ ತೂಕದ ಸಂಗತಿಗಳು.

ಇಲ್ಲಿನ ಬದುಕು, ಇಲ್ಲಿನ ಆಯ್ಕೆ

ಈ ಮುರಿತದ ಫಲಿತಾಂಶವನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾನದಂಡ ಫ್ರಾನ್ಸಿನ ಮೆರ್ಲ್ ದೊಬಿನ್ಯೆ ಅವರದು. ಅದು ನೋವು, ನಡಿಗೆ, ಕೀಲಿನ ಚಲನೆ ಎಂಬ ಮೂರನ್ನು ಎಣಿಸುತ್ತದೆ. ಆದರೆ ಈ ಎಣಿಕೆಯೊಂದೇ ಇಲ್ಲಿನ ಬದುಕಿಗೆ ಸಾಲದು: ಕನ್ನಡ ನಾಡಿನ ಕೃಷಿಕ ಮಹಿಳೆಗೆ ಹಸುವಿನ ಕೆಚ್ಚಲ ಬಳಿ ಕುಕ್ಕರಗಾಲಲ್ಲಿ ಕೂರುವುದು, ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕುವುದು, ಹೊಲದಲ್ಲಿ ಬಗ್ಗಿ ಕಳೆ ಕೀಳುವುದು ದಿನದ ಅಗತ್ಯಗಳು. ಅವಳ ಕೀಲು ಹೆಚ್ಚಿನ ಮಡಿಕೆಯನ್ನು ಬೇಡುತ್ತದೆ, ಮತ್ತು ಹಿಂದಿನ ಗೋಡೆಯ ದೌರ್ಬಲ್ಯ ಬಯಲಾಗುವುದು ಆ ಮಡಿಕೆಯಲ್ಲಿಯೇ. ಆದ್ದರಿಂದ ಚಿಕಿತ್ಸೆಗೆ ಮುನ್ನ ರೋಗಿಯ ದಿನಚರಿಯನ್ನು ಕೇಳಿ ತಿಳಿಯುವುದೂ, ಅನಂತರ ಮೂರು ತಿಂಗಳು ನೆಲದ ಮೇಲೆ ಕೂರದಂತೆ, ಎತ್ತರದ ಶೌಚಾಸನ ಬಳಸುವಂತೆ ಮನೆಯವರಿಗೆ ವಿವರಿಸುವುದೂ ಚಿಕಿತ್ಸೆಯ ಅಂಗಗಳೇ ಆಗಿವೆ.

ಮೂಳೆ ಮುರಿದವರನ್ನು ನಾಟಿ ವೈದ್ಯರಲ್ಲಿಗೆ, ಆಂಧ್ರಪ್ರದೇಶದ ಪುತ್ತೂರಿನ ಕಟ್ಟಿಗೆ ಕರೆದೊಯ್ಯುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಇದೆ. ಆ ಪರಂಪರೆಯ ಮೇಲೆ ಜನರಿಟ್ಟ ವಿಶ್ವಾಸವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಕೀಲುಬಟ್ಟಲು ಹೊರಗಿನ ಕಟ್ಟಿಗೆ ಸಿಗದಷ್ಟು ಆಳದಲ್ಲಿದೆ. ತಿಕ್ಕಿ, ಎಳೆದು, ಕಟ್ಟು ಹಾಕುವುದರಲ್ಲಿ ಕಳೆದ ಮೂರು ವಾರಗಳೇ ಅಮೂಲ್ಯವಾದ ಮೂರು ವಾರಗಳೆಂಬುದನ್ನು ಮಾತ್ರ ಜನರಿಗೆ ತಿಳಿಯಹೇಳಬೇಕು. ಖರ್ಚಿನ ಭಯವೂ ವಿಳಂಬಕ್ಕೆ ಇನ್ನೊಂದು ಕಾರಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ ಎಂಬ ಮಾಹಿತಿ ಗಾಯಾಳು ಆಸ್ಪತ್ರೆ ಸೇರಿದ ದಿನವೇ ಕುಟುಂಬಕ್ಕೆ ತಲುಪಬೇಕು.

ಕೊನೆಯದಾಗಿ, ಆಯ್ಕೆ ಯಾರದು ಎಂಬ ಪ್ರಶ್ನೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಅದರಿಂದಾಗುವ ಪ್ರಯೋಜನ, ಮುಖ್ಯ ಅಪಾಯಗಳು, ಬೇರೆ ದಾರಿಗಳಿದ್ದರೆ ಅವು, ಚಿಕಿತ್ಸೆಯನ್ನು ನಿರಾಕರಿಸಿದರೆ ಆಗಬಹುದಾದ ಪರಿಣಾಮ ಇವೆಲ್ಲವನ್ನೂ ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಒಪ್ಪಿಗೆ ಪತ್ರದ ಮೇಲೆ ಗಡಿಬಿಡಿಯಲ್ಲಿ ಬಿದ್ದ ಹೆಬ್ಬೆಟ್ಟಿನ ಗುರುತು ಆ ಸ್ಥಾನವನ್ನು ತುಂಬಲಾರದು. ಶಸ್ತ್ರಚಿಕಿತ್ಸೆ ತುರ್ತಲ್ಲದ ಆ ಕೆಲವು ದಿನಗಳು ದೇಹದ ಚೇತರಿಕೆಗೆ ದೊರೆತ ಬಿಡುವಾಗಿರುವಂತೆಯೇ ಈ ಮಾತುಕತೆಗೆ ದೊರೆತ ಬಿಡುವೂ ಹೌದು. ರೋಗಿಯ ಮನೆಯವರಿಗೆ ಅವರದೇ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಚಾವಣಿಯ ಗೆರೆ ಎಲ್ಲಿ ತುಂಡಾಗಿದೆ, ಗುಂಡು ಎಲ್ಲಿ ನಿಂತಿದೆ, ಅದು ಅಲ್ಲಿಯೇ ನಿಂತೀತೇ ಎಂಬ ಮೂರು ಪ್ರಶ್ನೆಗಳನ್ನು ಅವರ ಮಾತಿನಲ್ಲಿ ವಿವರಿಸಿದರೆ, ಆಪರೇಷನ್ ಬೇಕೋ ಬೇಡವೋ ಎಂಬ ಉತ್ತರದ ಬಳಿಗೆ ಅವರೂ ವೈದ್ಯರ ಜೊತೆಯಲ್ಲಿಯೇ ನಡೆದು ಬರುತ್ತಾರೆ. ಮುಂದಿನ ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಬೀಳದಂತೆ ಹಗಲಿರುಳು ಕಾಯಬೇಕಾದವರು ಅವರೇ ಆಗಿದ್ದಾರೆ.